ಅಟ್ಟ ಸೇರಿದ ಬೂಟು

ಹೊಳೆನರಸೀಪುರದ ನಮ್ಮ ಮನೆಯಲ್ಲಿ ವಾಲಿಬಾಲಿನ ಮಾತೆತ್ತಿದರೆ ಅಕ್ಕ ಎದ್ದು ಒಳಗೆ ಹೋಗಿಬಿಡುತ್ತಿದ್ದಳು. ಹಾಸನದಲ್ಲಿ ಓದುವಾಗ ಅವಳೇ ತಂಡದ ನಾಯಕಿ. ಅರಕಲಗೂಡು, ಚನ್ನರಾಯಪಟ್ಟಣಗಳ ಹುಡುಗಿಯರನ್ನು ಸೋಲಿಸಿ ಬಂದವಳು. 1964ರಲ್ಲಿ ಮದುವೆ ಗೊತ್ತಾಯಿತು. ಅಮ್ಮ ಅವಳ ಕ್ಯಾನ್ವಾಸ್ ಬೂಟುಗಳನ್ನು ಅಟ್ಟಕ್ಕೆ ಹಾಕಿದಳು. ಅಕ್ಕ ಒಂದು ಮಾತೂ ಆಡಲಿಲ್ಲ.

ಮೊಮ್ಮಕ್ಕಳನ್ನು ಕಂಡಿರುವ ಅವಳಿಗೆ ಮೊನ್ನೆ ನಾನು ಜಪಾನಿನ ಮಸಾಯೆ ಕಸಾಯ್‌ಳ ಕಥೆ ಹೇಳತೊಡಗಿದೆ. ಈ ಸಲ ಅಕ್ಕ ಏಳಲಿಲ್ಲ. ಕೈಝುಕದ ಬಟ್ಟೆ ಗಿರಣಿಯಲ್ಲಿ ಹಗಲೆಲ್ಲ ಕೆಲಸ, ನಡುರಾತ್ರಿಯವರೆಗೆ ಅಭ್ಯಾಸ. ಗುರು ದೈಮಾತ್ಸು ಎಸೆದ ಚೆಂಡಿಗೆ ನೆಲದ ಮೇಲೆ ಉರುಳಿ, ಉರುಳಿದಂತೆಯೇ ಮೇಲೇಳಬೇಕು. 1962ರಲ್ಲಿ ಮಾಸ್ಕೋದಲ್ಲಿ ವಿಶ್ವವಿಜೇತರಾದ ಮೇಲೆ, ಇನ್ನು ಆಟ ಸಾಕು, ಮದುವೆಯಾಗೋಣವೆಂದು ಆ ಹುಡುಗಿಯರು ಬಗೆದಿದ್ದರು. ಆದರೆ 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ವಾಲಿಬಾಲ್ ಮೊದಲ ಬಾರಿಗೆ ಸೇರಿತು. ನಾಡಿನವರು ಬೇಡಿಕೊಂಡರು, ಇವರು ನಿಂತರು. ಸೋವಿಯತ್ ತಂಡವನ್ನು 3–0ರಿಂದ ಸೋಲಿಸಿ ಚಿನ್ನ ಗೆದ್ದಾಗ ನಾಯಕಿ ಕಸಾಯ್‌ಗೆ 31 ವರ್ಷ. ಮರುವರ್ಷ ಮದುವೆ, ವರನನ್ನು ಪರಿಚಯಿಸಿದವರು ಸ್ವತಃ ಪ್ರಧಾನಿ ಸಾಟೋ!

“ಆಮೇಲೆ ಆಟ ಬಿಟ್ಟಳೇನೇ?”

“ಇಲ್ಲಕ್ಕ, ಮಕ್ಕಳೊಂದಿಗರಾದ ಹೆಂಗಸರಿಗೆಲ್ಲ ಆಟದ ರುಚಿ ಹತ್ತಿಸಿದಳು.”

ಅಕ್ಕ ಬಹಳ ಹೊತ್ತು ಸೂರಿನ ಕಡೆ ನೋಡುತ್ತಿದ್ದಳು.

“ಇಲಿ ತಿಂದಿರಬೇಕು,” ಎಂದಳು.