ನಿಂತ ಯಂತ್ರವೂ ತರ್ಕಶಾಸ್ತ್ರವೂ

ಒಂದು ವಸ್ತು ಕೆಟ್ಟಿತೆಂದು ತಿಳಿಯುವುದು ಬೇರೆ. ಏತಕ್ಕೆ ಕೆಟ್ಟಿತೆಂದು ತಿಳಿಯುವುದು ಬೇರೆ. ಮೊದಲನೆಯದಕ್ಕೆ ಕಣ್ಣು ಸಾಕು. ಎರಡನೆಯದಕ್ಕೆ ತಾಳ್ಮೆಯೂ ಯುಕ್ತಿಯೂ ಬೇಕು. ಈ ಭೇದವು ಎಷ್ಟು ದೊಡ್ಡದೆಂಬುದನ್ನು ನಮ್ಮ ಬೀದಿಯ ಬಡಗಿಯೊಬ್ಬರ ಕಾರ್ಖಾನೆಯಲ್ಲಿ ಪ್ರತ್ಯಕ್ಷವಾಗಿ ಕಂಡೆನಾದುದರಿಂದ ಅದನ್ನು ವಾಚಕರಲ್ಲಿ ನಿವೇದಿಸುತ್ತೇನೆ.

ಆ ಬಡಗಿಯವರಲ್ಲಿ ಅವರ ತಂದೆಯ ಕಾಲದ ಪಟ್ಟಿಗರಗಸವೊಂದಿದೆ. ಎರಕದ ಕಬ್ಬಿಣದ ಭಾರವಾದ ಮೈ. ಮೇಲೊಂದು, ಕೆಳಗೊಂದು ಗಾಲಿ. ಅವೆರಡನ್ನೂ ಸುತ್ತಿ ಓಡುವ ಹಲ್ಲಿನ ಉಕ್ಕಿನ ಪಟ್ಟಿ. ಅದನ್ನು ನಡೆಸಲು 1 ಅಶ್ವಶಕ್ತಿಯ, ಎಂದರೆ 746 ವಾಟಿನ, ವಿದ್ಯುತ್ ಮೋಟಾರು. ಒಂದು ದಿನ ಗುಂಡಿಯನ್ನೊತ್ತಿದರೆ ಮೋಟಾರು ಗುಂಯ್ಗುಟ್ಟಿತೇ ಹೊರತು ತಿರುಗಲಿಲ್ಲ. ನೋಡಬಂದವರೊಬ್ಬರು, “ಯಂತ್ರಕ್ಕೆ ವಯಸ್ಸಾಯಿತು, ಗುಜರಿಗೆ ಹಾಕಿ ಹೊಸದನ್ನು ಕೊಳ್ಳಿರಿ” ಎಂದು ತೀರ್ಪಿತ್ತರು. ಹೊಸದಕ್ಕೆ ಸಾಲ ಮಾಡಬೇಕು. ಒಪ್ಪಿಕೊಂಡಿದ್ದ ಬಾಗಿಲುವಾಡಗಳ ಗಡುವೋ ಹತ್ತಿರವಾಗಿತ್ತು. ಬಡಗಿಯವರು ತಂದೆಯ ಯಂತ್ರದ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ನಿಂತಿದ್ದರು.

ನಾನು ವಿದ್ಯುಚ್ಛಾಸ್ತ್ರವನ್ನು ಓದಿದವನಲ್ಲ. ಪಾಠಶಾಲೆಯಲ್ಲಿ ಅನ್ನಂಭಟ್ಟನ ತರ್ಕಸಂಗ್ರಹವನ್ನು ಕಂಠಪಾಠ ಮಾಡಿದವನು. ಆದರೂ ಆ ತೀರ್ಪನ್ನು ಕೇಳಿದೊಡನೆ ಹೇತ್ವಾಭಾಸಗಳ ನೆನಪಾಯಿತು. “ನಿಂತಿದೆ, ಆದುದರಿಂದ ಮುಪ್ಪಿನಿಂದ ಸತ್ತಿದೆ” ಎಂಬಲ್ಲಿ ಹೇತುವು ಸವ್ಯಭಿಚಾರವಾದುದು. ನಿನ್ನೆ ಕೊಂಡ ಯಂತ್ರವೂ ನಿಲ್ಲುವುದುಂಟಷ್ಟೆ. ಮೋಟಾರು ಸುತ್ತುವ ಕಸುಬಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕರೆಸಿದೆವು. ಅವನು ತರ್ಕವನ್ನು ಓದಿದವನಲ್ಲ. ಆದರೆ ನಡೆದ ಕ್ರಮವು ನೈಯಾಯಿಕನದೇ.

ಮೊದಲು ಮೋಟಾರಿನ ತಂತಿಗಳಲ್ಲಿ ಅಳೆದನು. 230 ವೋಲ್ಟು ಸರಿಯಾಗಿತ್ತು. ವಿದ್ಯುತ್ತನ್ನು ಕಡಿದು, ಬೆಲ್ಟನ್ನು ಕಳಚಿ, ಗಾಲಿಗಳನ್ನು ಕೈಯಿಂದ ತಿರುಗಿಸಿದನು; ಹಗುರವಾಗಿ ತಿರುಗಿದುವು. ಗರಗಸವು ನಿರಪರಾಧಿ. ಮೋಟಾರಿನ ಅಚ್ಚೂ ತಡೆಯಿಲ್ಲದೆ ತಿರುಗಿತು; ಬೇರಿಂಗುಗಳೂ ನಿರಪರಾಧಿಗಳು. ಉಳಿದುದು ಆರಂಭದ ವ್ಯವಸ್ಥೆ. ಒಂದೇ ಫೇಸಿನ ಇಂಥ ಮೋಟಾರು ತಾನಾಗಿ ಹೊರಡಲಾರದು. ಅದನ್ನು ಎಬ್ಬಿಸಲು ಬೇರೊಂದು ಸುರುಳಿಯೂ ಕೆಪಾಸಿಟರೂ ಬೇಕು. ವೇಗವು ಸುಮಾರು ಮುಕ್ಕಾಲು ಪಾಲು ಏರಿದಾಗ, ತಿರುಗುವ ಬಲದಿಂದಲೇ ತೆರೆದುಕೊಳ್ಳುವ ಸ್ವಿಚ್ಚೊಂದು ಅವೆರಡಕ್ಕೂ ವಿಶ್ರಾಂತಿ ಕೊಡುತ್ತದೆ.

ಕರೆಂಟು ಕಡಿದ ಮೇಲೂ ಕೆಪಾಸಿಟರು ಕೈಗೆ ಹೊಡೆಯಬಲ್ಲುದು. ಆದುದರಿಂದ ಅದರಲ್ಲಿ ಉಳಿದಿದ್ದುದನ್ನು ಇಳಿಸಿ ಪರೀಕ್ಷಿಸಿದನು. ಅದು ಕೆಟ್ಟಿತ್ತು. ಬಹುಮಂದಿ ಇಲ್ಲಿಗೇ ನಿಲ್ಲಿಸಿ ಹೊಸದನ್ನು ಹಾಕುತ್ತಾರೆ. ಅವನು, “ಇದೇಕೆ ಕೆಟ್ಟಿತು?” ಎಂದು ಮೋಟಾರನ್ನು ಬಿಚ್ಚಿದನು. ಗಾಳಿಕಿಂಡಿಗಳಿಂದ ನುಗ್ಗಿದ ಮರದ ಹುಡಿಯು ಸ್ವಿಚ್ಚಿಗೆ ಮೆತ್ತಿಕೊಂಡು ಅದನ್ನು ತೆರೆಯಗೊಟ್ಟಿರಲಿಲ್ಲ. ಕೆಲವೇ ಕ್ಷಣ ದುಡಿಯಬೇಕಾದ ಸುರುಳಿ ಬಿಡುವಿಲ್ಲದೆ ದುಡಿದು ಕರಿಕಾಗಿತ್ತು.

ಸುರುಳಿಯನ್ನು ಮತ್ತೆ ಸುತ್ತಬಹುದಾಗಿತ್ತು. ಆದರೆ ಅದೇ ಕಿಂಡಿಗಳಿಂದ ಅದೇ ಹುಡಿ ಬಾರದಿರುವುದೆ? ಕಾರಣವು ತಿಳಿದುದರಿಂದಲೇ ಪರಿಹಾರವೂ ತಿಳಿಯಿತು: ಮೈಯೆಲ್ಲ ಮುಚ್ಚಿದ, ಹೊರಗಿನಿಂದ ಬೀಸಣಿಗೆ ತಂಪುಮಾಡುವ ಮೋಟಾರು ಬೇಕು. ಹಳೆಯ ಫಲಕದಲ್ಲಿ ನಿಮಿಷಕ್ಕೆ 1440 ಸುತ್ತು ಎಂದಿತ್ತು. ಹೊಸದೂ ಅಷ್ಟೇ ಇರಬೇಕು. ಅಂಗಡಿಯಲ್ಲಿ ಸುಲಭವಾಗಿ ದೊರೆಯುವ 2880 ಸುತ್ತಿನದನ್ನು ಜೋಡಿಸಿದರೆ ಪಟ್ಟಿಯು ಇಮ್ಮಡಿ ವೇಗದಲ್ಲಿ ಓಡಿ ಅಪಾಯವಾದೀತು. ಹೊಸ ಅಚ್ಚು 19 ಮಿಲಿಮೀಟರು, ಹಳೆಯ ಪುಲ್ಲಿಯ ರಂಧ್ರ ಮುಕ್ಕಾಲು ಅಂಗುಲ. ಕೂದಲೆಳೆಯ ಅಂತರವಾದರೂ ಬೆಣೆ ಕೂರುವ ಜಾಡು ಹೊಂದಲಿಲ್ಲ. ಅದೇ ವ್ಯಾಸದ ಬೇರೆ ಪುಲ್ಲಿಯನ್ನು ತರಿಸಿದೆವು. ಅದೇ ಬಲದ ಮೋಟಾರುಗಳು ಈಗ ಚಿಕ್ಕವಾಗಿರುವುದರಿಂದ ಪಾದದ ತೂತುಗಳೂ ಕೂಡಲಿಲ್ಲ; ನಡುವೆ ಉಕ್ಕಿನ ಹಲಗೆಯೊಂದನ್ನು ಕೊರೆದು ಇಟ್ಟುದಾಯಿತು. ಬೆಲ್ಟು ಹಾಕುವ ಮೊದಲೇ ನಡೆಸಿ ನೋಡಿದರೆ ಮೋಟಾರು ವಿರುದ್ಧ ದಿಕ್ಕಿಗೆ ತಿರುಗಿತು. ಹಾಗೆಯೇ ಬಿಟ್ಟಿದ್ದರೆ ಗರಗಸದ ಹಲ್ಲು ಮೇಲಕ್ಕೆ ಓಡುತ್ತಿದ್ದಿತು. ಆರಂಭದ ಸುರುಳಿಯ ಎರಡು ಕೊನೆಗಳನ್ನು ಅದಲುಬದಲು ಮಾಡಿದನು. ಹಲ್ಲು ಮೇಜಿನ ಕಡೆಗೆ ಕೆಳಮುಖವಾಗಿ ಇಳಿಯತೊಡಗಿತು.

ಬಾಗಿಲುವಾಡಗಳು ಗಡುವಿಗೆ ಮುಂಚೆಯೇ ಹೊರಟುವು; ಸಾಲದ ಮಾತು ಅಲ್ಲಿಗೆ ನಿಂತಿತು. ಸತ್ತುದು ಒಂದು ಅಂಗ. ಗುಜರಿಗೆ ಹೊರಟಿದ್ದುದು ಇಡೀ ದೇಹ. ವಿಚಾರಿಸದೆ “ಹಳತು” ಎಂಬ ಒಂದೇ ಮಾತಿನಿಂದ ನಾವು ಎಷ್ಟನ್ನು ಹೀಗೆ ಹೊರಗೆಸೆದಿರುವೆವೋ! ಮೂವತ್ತು ವರ್ಷ ಮಕ್ಕಳಿಗೆ ಪರ್ವತ, ಹೊಗೆ, ಬೆಂಕಿಗಳ ದೃಷ್ಟಾಂತವನ್ನೇ ಹೇಳಿದೆನು. ಇನ್ನು ಯಾರಾದರೂ ಕೇಳಬಂದರೆ ಮರದ ಹುಡಿಯನ್ನೂ ಸೇರಿಸಿ ಹೇಳುವೆನು.