ಕುಮಾರಕೃಪಾ ರಸ್ತೆಯಲ್ಲಿ ಒಂದು ಭಾನುವಾರ

ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಸದಾ ಏನಾದರೊಂದು ಗೀಚುತ್ತಿರುವ ಮಗಳೊಬ್ಬಳು ನಿಮ್ಮ ಮನೆಯಲ್ಲೂ ಇರಬಹುದು. ನನ್ನ ತಂಗಿಯ ಮಗಳು ಅಂಥವಳು. ದ್ವಿತೀಯ ಪಿಯುಸಿಯಲ್ಲಿದ್ದಾಗ ಒಂದು ದಿನ, "ಖಾಲಾ, ನಾನು ಚಿತ್ರಕಲೆ ಓದುತ್ತೇನೆ. ನೀವೇ ಅಬ್ಬಾಗೆ ಹೇಳಿ" ಎಂದಳು. ಹೇಳಿದೆ. ಅವಳ ತಂದೆ ಮೊದಲು ಎತ್ತಿದ್ದು ದೀನ್‌ನ ಪ್ರಶ್ನೆ. ಜೀವಿಗಳ ಚಿತ್ರ ಬರೆಯುವ ಕುರಿತು ಉಲಮಾಗಳ ಅಭಿಪ್ರಾಯವೇನೆಂದು ಮದ್ರಸದಲ್ಲಿ ಓದಿದ ನನಗೆ ಗೊತ್ತು, ನಿಮಗೂ ಗೊತ್ತು. ಆದರೆ ಮಾತು ಬೆಳೆದಂತೆ ಅವರ ಭಯ ಇನ್ನೊಂದು ಕಡೆಗೂ ಇದೆಯೆಂದು ತಿಳಿಯಿತು. "ಆಪಾ, ಇದರಿಂದ ಹೊಟ್ಟೆ ತುಂಬುತ್ತದೆಯೇ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಗೊತ್ತಿದ್ದವರನ್ನೇ ಕೇಳಿ ಬರೋಣವೆಂದು ಹುಡುಗಿಯನ್ನು ಕರೆದುಕೊಂಡು ಶಿವಮೊಗ್ಗದಿಂದ ರಾತ್ರಿ ಬಸ್ಸು ಹತ್ತಿದೆ.

ಮರುದಿನ 2025ರ ಜನವರಿ 5, ಬೆಂಗಳೂರಿನ ಚಿತ್ರಸಂತೆ. ಮೆಜೆಸ್ಟಿಕ್‌ನಿಂದ ಶಿವಾನಂದ ವೃತ್ತದವರೆಗೆ ಆಟೋ, ಅಲ್ಲಿಂದ ಮುಂದೆ ಕಾಲ್ನಡಿಗೆ. ಆ ಒಂದು ದಿನ ಕುಮಾರಕೃಪಾ ರಸ್ತೆಯಲ್ಲಿ ವಾಹನಗಳಿಗೆ ಪ್ರವೇಶವಿಲ್ಲ. ಎಂ.ಎಸ್. ನಂಜುಂಡರಾಯರು 1960ರಲ್ಲಿ ಕಟ್ಟಿದ ಚಿತ್ರಕಲಾ ಪರಿಷತ್ತು ಇರುವುದು ಇದೇ ರಸ್ತೆಯಲ್ಲಿ. ಸಂತೆಯನ್ನು ನಡೆಸುವುದೂ ಅವರೇ. ಅಂದಿನದು 22ನೆಯ ಸಂತೆ, ಹೆಣ್ಣುಮಕ್ಕಳಿಗೆ ಅರ್ಪಿತವಾಗಿತ್ತು. ಸಾವಿರಕ್ಕೂ ಹೆಚ್ಚು ಕಲಾವಿದರು ರಸ್ತೆಯ ಎರಡೂ ಬದಿಯಲ್ಲಿ ಚಿತ್ರಗಳನ್ನು ಒರಗಿಸಿ ಕುಳಿತಿದ್ದರು. ನಡುವೆ ದಲ್ಲಾಳಿಯಿಲ್ಲ. ಬರೆದವರೇ ಮಾರುತ್ತಾರೆ, ನೀವು ಅವರೊಡನೆಯೇ ಚೌಕಾಸಿ ಮಾಡುತ್ತೀರಿ. ಚಿನ್ನದ ರೇಕಿನ ಮೈಸೂರು ಶೈಲಿಯ ಚಿತ್ರಗಳು, ಮಳೆಯಲ್ಲಿ ಕೊಡೆ ಹಿಡಿದು ಹೋಗುವವರು, ಓಡುವ ಏಳು ಕುದುರೆಗಳು. ಬುದ್ಧನ ಮುಖಗಳನ್ನು ಎಣಿಸಲು ಹೊರಟ ನಮ್ಮ ಹುಡುಗಿ ಮೂವತ್ತಕ್ಕೆ ಸುಸ್ತಾದಳು. "ಎಲ್ಲರೂ ಒಂದೇ ಥರ ಯಾಕೆ ಬರೆಯುತ್ತಾರೆ ಖಾಲಾ?" ಎಂದು ಕೇಳಿದಳು.

ಉತ್ತರ ಸಿಕ್ಕಿದ್ದು ಕಲಬುರಗಿ ಕಡೆಯ ಒಬ್ಬ ಯುವಕನ ಬಳಿ. ಅವನೂ ಕುದುರೆಗಳನ್ನೇ ಮಾರುತ್ತಿದ್ದ. ನಮ್ಮ ಹುಡುಗಿ ತಾನೂ ಬರೆಯುತ್ತೇನೆ ಎಂದದ್ದೇ ತಡ, ಮೇಜಿನ ಕೆಳಗಿನಿಂದ ಒಂದು ದೊಡ್ಡ ಫೈಲು ತೆಗೆದ. ಒಳಗೆ ಕುದುರೆಯಿರಲಿಲ್ಲ. ಅವನ ತಂದೆ ದುಡಿದ ಕಲ್ಲುಗಣಿಯ ದೂಳನ್ನೇ ಬಣ್ಣ ಮಾಡಿ ಕಾಗದಕ್ಕೆ ತಿಕ್ಕಿದ್ದ. ಕಲ್ಲಿನ ಪದರಗಳಂತೆ ಒಂದರ ಮೇಲೊಂದು ಬೂದು ಪಟ್ಟಿಗಳು. ನಾನು ತುಂಬ ಹೊತ್ತು ನೋಡಿದೆ. "ಇದನ್ನು ಯಾಕೆ ಹೊರಗಿಟ್ಟಿಲ್ಲ?" ಎಂದೆ. "ಕುದುರೆ ಬಾಡಿಗೆ ಕಟ್ಟತದ ಮೇಡಂ. ಇದು ನನ್ನದು" ಎಂದ.

ಈಗಿನ ಕಲೆ ಚೌಕಟ್ಟು ಬಿಟ್ಟು ಬಹಳ ದೂರ ಹೋಗಿದೆ ಎಂದೂ ಅವನೇ ತಿಳಿಸಿದ. ಒಂದು ಕೋಣೆಯ ತುಂಬ ವಸ್ತುಗಳನ್ನು ಜೋಡಿಸುವುದು, ವಿಡಿಯೋ, ಶಬ್ದ, ಎಲ್ಲವೂ ಕಲೆಯೇ. 2012ರಿಂದ ನಡೆಯುತ್ತಿರುವ ಕೊಚ್ಚಿ ಬಿನಾಲೆಯಲ್ಲಿ ಇಂಥವೇ ಹೆಚ್ಚು, ವಿದ್ಯಾರ್ಥಿಗಳಿಗೂ ಅಲ್ಲಿ ಬೇರೆ ಜಾಗವಿದೆ. ಆದರೆ ಕೋಣೆ ತುಂಬುವ ಕಲೆಯನ್ನು ಹಾಲ್‌ನ ಸೋಫಾದ ಮೇಲೆ ತೂಗುಹಾಕಲು ಬರುವುದಿಲ್ಲವಲ್ಲ! ಅದಕ್ಕೆ ಅಕಾಡೆಮಿಯ ವಿದ್ಯಾರ್ಥಿವೇತನವೋ ಗ್ಯಾಲರಿಯ ಆಸರೆಯೋ ಬೇಕು. ಗ್ಯಾಲರಿಗಳು ಮಾರಾಟದ ಹಣದಲ್ಲಿ ಅರ್ಧದವರೆಗೂ ಕಮಿಷನ್ ಹಿಡಿಯುವುದುಂಟು.

ಅವನ ಪಕ್ಕದಲ್ಲೇ ತುಮಕೂರಿನ ಯುವತಿಯೊಬ್ಬಳು ಕುಳಿತಿದ್ದಳು. ಬೆಳಿಗ್ಗೆ ಖಾಸಗಿ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್, ಸಂಜೆ ಮಕ್ಕಳಿಗೆ ಟ್ಯೂಷನ್, ರಜೆಯಲ್ಲಿ ಅಪಾರ್ಟ್‌ಮೆಂಟಿನ ಗೋಡೆಗಳಿಗೆ ಚಿತ್ರ ಬರೆಯುವ ಗುತ್ತಿಗೆ. ತನ್ನ ಚಿತ್ರ ಬರೆಯುವುದು ರಾತ್ರಿ ಹತ್ತರ ಮೇಲೆ. ಅವಳು ಲೆಕ್ಕವನ್ನು ಮುಚ್ಚಿಡಲಿಲ್ಲ. ಫ್ರೇಮು, ಟೆಂಪೋ, ಮಳಿಗೆಯ ಶುಲ್ಕ ಎಲ್ಲ ಸೇರಿ ಅಂದಿನ ಖರ್ಚು ಒಂಬತ್ತು ಸಾವಿರ. ಮಧ್ಯಾಹ್ನ ಮೂರು ಗಂಟೆಗೆ ಮಾರಾಟವಾಗಿದ್ದು ಎರಡು ಚಿಕ್ಕ ಚಿತ್ರ, ಮೂರೂವರೆ ಸಾವಿರ. ಎದುರಿಗೆ ಸ್ಟೂಲಿನ ಮೇಲೆ ಜನರನ್ನು ಕೂರಿಸಿ ಹತ್ತೇ ನಿಮಿಷದಲ್ಲಿ ಅವರ ಮುಖ ಬರೆದುಕೊಡುವವನ ಮುಂದೆ ಮಾತ್ರ ಸಾಲು ಕರಗಲೇ ಇಲ್ಲ.

ನಾನು ಜುಹರ್ ನಮಾಝಿಗೆ ಜಾಗ ಹುಡುಕುತ್ತಿದ್ದೆ. ಆಕೆಯೇ ಮಳಿಗೆಯ ಹಿಂದೆ ಹೊಸ ಕ್ಯಾನ್ವಾಸ್ ಬಟ್ಟೆ ಹಾಸಿಕೊಟ್ಟಳು. ಆ ಸಲುಗೆಯಲ್ಲಿ ನಮ್ಮ ಮನೆಯ ಜಗಳವನ್ನೂ ಹೇಳಿಕೊಂಡೆ. ಆಕೆ ಮೊಬೈಲಿನಲ್ಲಿ ಒಬ್ಬರ ಚಿತ್ರಗಳನ್ನು ತೋರಿಸಿದಳು. ಜರೀನಾ ಹಾಶ್ಮಿ. 1937ರಲ್ಲಿ ಅಲಿಗಢದಲ್ಲಿ ಹುಟ್ಟಿ, ಗಣಿತದಲ್ಲಿ ಪದವಿ ಪಡೆದು, ದೇಶದೇಶ ಅಲೆದು, 2020ರಲ್ಲಿ ಲಂಡನ್‌ನಲ್ಲಿ ತೀರಿಕೊಂಡವರು. 1999ರಲ್ಲಿ ಮರದ ಅಚ್ಚಿನಿಂದ 36 ಚಿತ್ರಗಳ ಒಂದು ಮಾಲೆ ಮಾಡಿದರು. ಒಂದೊಂದಕ್ಕೂ ಒಂದು ಉರ್ದು ಪದ: ಮನೆ, ಹೊಸ್ತಿಲು, ಬಾಗಿಲು, ಹೀಗೆ. ಮುಖಗಳಿಲ್ಲ, ಕಪ್ಪು ಗೆರೆಗಳಷ್ಟೇ. ಉರ್ದು ಓದಬಲ್ಲ ನಾನು ಆ ಪದಗಳನ್ನು ಗಟ್ಟಿಯಾಗಿ ಓದಿದೆ, ಅವರಿಬ್ಬರೂ ಗೆರೆಗಳನ್ನು ನೋಡಿದರು.

ಆದರೆ ಆಕೆ ನಮಗೆ ಸುಳ್ಳು ಸಮಾಧಾನ ಹೇಳಲಿಲ್ಲ. "ಮುಂದೆ ನಿನಗೆ ಬೇಕಾದ್ದು ಬರೆದುಕೋ. ಕಾಲೇಜಿನಲ್ಲಿ ಮಾತ್ರ ಮನುಷ್ಯರನ್ನು ಎದುರಿಗೆ ಕೂರಿಸಿ ಬರೆಯಲೇಬೇಕು, ಪರೀಕ್ಷೆಗೂ ಅದೇ ಇರುತ್ತದೆ. ಮನೆಯಲ್ಲಿ ಈಗಲೇ ಹೇಳಿಬಿಡು" ಎಂದಳು.

ಹುಡುಗಿ ಹೇಳಿಯೇಬಿಟ್ಟಳು. ಕುದುರೆ, ಬಾಡಿಗೆ, ಒಂಬತ್ತು ಸಾವಿರದ ಲೆಕ್ಕ, ಎಲ್ಲವನ್ನೂ. ಅವಳ ತಂದೆ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಕೇಳಿದ್ದು ಒಂದೇ: "ಆ ತುಮಕೂರಿನ ಹುಡುಗಿಗೆ ಶಾಲೆಯಲ್ಲಿ ಎಷ್ಟು ಸಂಬಳವಂತೆ?" ಅದನ್ನು ಕೇಳಿಕೊಂಡು ಬರಲು ನಾವಿಬ್ಬರೂ ಮರೆತಿದ್ದೆವು. ಕೊನೆಗೆ ದಾವಣಗೆರೆಯ ದೃಶ್ಯಕಲಾ ಕಾಲೇಜನ್ನು ಸ್ವತಃ ನೋಡಿ ಬಂದರು. ಚಿತ್ರಕಲೆಯ ಜೊತೆಗೆ ಬಿ.ಎ.ಯನ್ನೂ ಅಂಚೆ ಮೂಲಕ ಮಾಡಬೇಕೆಂಬ ಕರಾರಿನ ಮೇಲೆ ಸೇರಿಸಿದರು. ಮುಖ ಬರೆಯುವ ತರಗತಿಯ ವಿಷಯ ಬಂದಾಗ ಈಗಲೂ ಎದ್ದು ಹೊರಗೆ ಹೋಗುತ್ತಾರೆ.

ನೀವು ಹೋಗುವುದಾದರೆ ಬೆಳಿಗ್ಗೆ ಒಂಬತ್ತರೊಳಗೆ ಹೋಗಿ, ಆಮೇಲೆ ನೂಕುನುಗ್ಗಲು. ಕುಡಿಯುವ ನೀರು ಜೊತೆಗಿರಲಿ. ಕೇಳದೆ ಚಿತ್ರಗಳ ಫೋಟೋ ತೆಗೆಯಬೇಡಿ. ಫೋಟೋ ತೆಗೆದು ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಗೋಡೆಗೆ ಹಚ್ಚುವವರಿದ್ದಾರೆಂದು ಅವರಿಗೆ ತುಂಬ ನೋವಿದೆ. ಮೇಜಿನ ಕೆಳಗೆ ಫೈಲೇನಾದರೂ ಇದೆಯೇ ಎಂದೂ ಒಮ್ಮೆ ಕೇಳಿ ನೋಡಿ.