ಕೆಂಪು ದೀಪದ ಎರಡು ತುದಿ

ಹಳೆಯ ಕಾರಿನ ಡ್ಯಾಷ್‌ಬೋರ್ಡಿನಲ್ಲಿ ಕೆಂಪು ದೀಪ ಹೊತ್ತಿತೆಂದರೆ ಬಹಳ ಮಂದಿ ಅದನ್ನು ಚಾಡಿಕೋರನಂತೆ ನಂಬುತ್ತಾರೆ. ಅದು ಯಾರ ಮೇಲೆ ದೂರು ಹೇಳಿತೋ ಆ ಭಾಗವನ್ನು ಬಿಚ್ಚಿ ಹೊಸದು ಹಾಕಿಸುತ್ತಾರೆ. ನನಗಿದು ಒಪ್ಪಿಗೆಯಿಲ್ಲ. ಡೈನಮೋ ಇರುವ ಹಳೆಯ ಅಂಬಾಸಡರ್‌ನಂಥ ಗಾಡಿಯ ಚಾರ್ಜಿಂಗ್ ದೀಪಕ್ಕೆ ದೂರು ಹೇಳುವಷ್ಟು ಬುದ್ಧಿಯೇ ಇಲ್ಲ. ಅದೊಂದು ಬಲ್ಬು, ಅದಕ್ಕೆ ಎರಡು ತುದಿ. ಒಂದು ತುದಿಗೆ ಇಗ್ನಿಷನ್ ಸ್ವಿಚ್ಚಿನ ಮೂಲಕ ಬ್ಯಾಟರಿ, ಇನ್ನೊಂದಕ್ಕೆ ಡೈನಮೋ. ಕೀ ತಿರುಗಿಸಿದಾಗ ಡೈನಮೋ ಇನ್ನೂ ಮಲಗಿರುತ್ತದೆ. ಬ್ಯಾಟರಿಯ ಕರೆಂಟು ಬಲ್ಬು ದಾಟಿ ಅದರೊಳಗಿಂದ ಅರ್ತ್ ಸೇರುತ್ತದೆ, ದೀಪ ಉರಿಯುತ್ತದೆ. ಎಂಜಿನ್ ಓಡಿ ಡೈನಮೋ ಬ್ಯಾಟರಿಯ ಸಮಕ್ಕೆ ಬಂದರೆ ಎರಡೂ ಕಡೆ ವೋಲ್ಟೇಜು ಒಂದೇ. ಹರಿಯಲು ಇಳಿಜಾರಿಲ್ಲ, ದೀಪ ಆರುತ್ತದೆ. ಅಂದರೆ ಅದೊಂದು ತಕ್ಕಡಿ. ವಾಲಿದಾಗ ಯಾವ ತಟ್ಟೆ ಹಗುರಾಯಿತು ಎಂದು ಹುಡುಕುವುದು ನಮ್ಮ ಪಾಲಿನ ಕೆಲಸ, ಹಳೆಯ ಗಾಡಿ ರಿಪೇರಿಯ ಹುಚ್ಚಿನ ರುಚಿಯೆಲ್ಲ ಇರುವುದೂ ಅಲ್ಲೇ.

ದೀಪ ಧಗಧಗ ಉರಿದರೆ ಬಾನೆಟ್ ಎತ್ತಿ ಫ್ಯಾನ್ ಬೆಲ್ಟ್ ನೋಡಿದರೆ ಅರ್ಧ ಉತ್ತರ ಸಿಕ್ಕಂತೆ. ಐಡ್ಲಿಂಗಿನಲ್ಲಿ ಮಿಣುಕುವುದು ಡೈನಮೋದ ಹುಟ್ಟುಗುಣ, ಬಿಡಿ. ಸ್ವಾರಸ್ಯವಿರುವುದು ರಾತ್ರಿ ಹೆಡ್‌ಲೈಟ್ ಹಾಕಿದಾಗ ಮಾತ್ರ ಕಾಣುವ, ಬೂದಿ ಮುಚ್ಚಿದ ಕೆಂಡದಂಥ ಮಂದ ಬೆಳಕಿನಲ್ಲಿ. ಬಡಪಾಯಿ ಡೈನಮೋ ಬೆಂಚಿಗೇರುವುದು ಆಗಲೇ. ಆದರೆ ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಲೈವ್ ಟರ್ಮಿನಲ್ಲಿಗೂ ಇನ್ನೊಂದನ್ನು ಬಲ್ಬಿನ ಸ್ವಿಚ್ ಕಡೆಯ ತುದಿಗೂ ಹಿಡಿದು ನೋಡಿ. ಅಲ್ಲೇ ಒಂದು ವೋಲ್ಟು ಕಾಣೆಯಾಗಿದ್ದರೆ ಕಳ್ಳ ಸಿಕ್ಕಿದ: ಸ್ವಿಚ್ಚಿನಲ್ಲೋ ಫ್ಯೂಸಿನ ಹಿಡಿಯಲ್ಲೋ ಕೂತ ಹಸಿರು ಕಿಲುಬು. ಮರಳು ಕಾಗದದ ಒಂದು ಚೂರು ಸಾಕು.

ಉರಿಯದ ದೀಪವೂ ನಂಬಿಕಸ್ಥನಲ್ಲ. ಆಲ್ಟರ್ನೇಟರ್ ಇರುವ ಅನೇಕ ಗಾಡಿಗಳಲ್ಲಿ ಅದನ್ನು ಎಬ್ಬಿಸುವ ಮೊದಲ ಗುಟುಕು ಕರೆಂಟು ಹೋಗುವುದೇ ಈ ಬಲ್ಬಿನ ಮೂಲಕ. ಬಲ್ಬು ಸುಟ್ಟರೆ ಚಾರ್ಜಿಂಗೂ ನಿಲ್ಲಬಹುದು. ಚೆಂದಕ್ಕೆಂದು 2.2 ವ್ಯಾಟಿನ ಬಲ್ಬಿನ ಜಾಗದಲ್ಲಿ ಎಲ್‌ಇಡಿ ಸಿಕ್ಕಿಸಿದರೂ ಅದೇ ಗತಿ; ಅದರಲ್ಲಿ ಹಾಯುವ ಕರೆಂಟು ಆ ಗುಟುಕಿಗೆ ಸಾಲದು.

ಈಗಿನ ಕಾರಿಗೆ ಸ್ಕ್ಯಾನರ್ ಚುಚ್ಚಿದರೆ ಕೋಡ್ ಬರುತ್ತದಲ್ಲ, ಇಷ್ಟೆಲ್ಲ ಯಾಕೆ ಎನ್ನಬಹುದು. ಕೋಡ್ ಕೂಡ ಸೆನ್ಸರ್ ಕಂಡದ್ದನ್ನು ಹೇಳುತ್ತದೆಯೇ ಹೊರತು ತೀರ್ಪು ಕೊಡುವುದಿಲ್ಲ; ಅದನ್ನೇ ನಂಬಿ ಒಳ್ಳೆಯ ಸೆನ್ಸರನ್ನೇ ಬದಲಾಯಿಸುವವರಿದ್ದಾರೆ. ತರ್ಕ ಮಾಡುತ್ತ ಕೂತರೆ ಎಂಜಿನ್ ಹೋಗುತ್ತದೆ ಎಂಬ ಆಕ್ಷೇಪವೇ ಹೆಚ್ಚು ತೂಕದ್ದು. ಆಯಿಲ್ ದೀಪದ ಮಟ್ಟಿಗೆ ಅದು ನೂರಕ್ಕೆ ನೂರು ನಿಜ. ಮೊದಲು ಎಂಜಿನ್ ನಿಲ್ಲಿಸಿ, ಡಿಪ್‌ಸ್ಟಿಕ್ ನೋಡಿ. ಆಯಿಲ್ ಸರಿಯಾಗಿದ್ದರೆ ಕೀಯನ್ನಷ್ಟೇ ತಿರುಗಿಸಿ, ಬ್ಲಾಕಿನ ಮೇಲಿರುವ ಪ್ರೆಷರ್ ಸ್ವಿಚ್ಚಿನ ಒಂಟಿ ವೈರನ್ನು ಕೀಳಿ. ದೀಪ ಆರದಿದ್ದರೆ ವೈರು ಎಲ್ಲೋ ಬಾಡಿಗೆ ತಗುಲಿದೆ. ಆರಿದರೆ ಅನುಮಾನ ಸ್ವಿಚ್ಚಿನ ಮೇಲೂ ಇದೆ, ಒತ್ತಡದ ಮೇಲೂ ಇದೆ. ಸ್ವಿಚ್ ಬಿಚ್ಚಿದ ತೂತಿಗೆ ಗೇಜ್ ತಿರುಗಿಸಿ, ಕೆಲವೇ ಸೆಕೆಂಡು ಎಂಜಿನ್ ಓಡಿಸಿ. ಮುಳ್ಳು ಎದ್ದರೆ ಹೊಸ ಸ್ವಿಚ್. ಏಳದಿದ್ದರೆ ಸಂಪು ಇಳಿಸಲು ಸ್ಪ್ಯಾನರ್ ತೆಗೆಯುವುದೇ.